ಎಡಭುಜದ ಹಿಂದಿನ ಹಿಡಿ: ಒಂದು ಲಾಂಗ್ ಈಜಿ ವಿಮಾನದ ಪ್ರಕರಣ

1997ರ ಅಕ್ಟೋಬರ್ 12, ಭಾನುವಾರ. ಕ್ಯಾಲಿಫೋರ್ನಿಯಾದ ಮಾಂಟೆರೆ ವಿಮಾನ ನಿಲ್ದಾಣದಿಂದ ಸಂಜೆ ಐದು ದಾಟಿದ ಮೇಲೆ ಎರಡು ಆಸನದ ಸಣ್ಣ ವಿಮಾನವೊಂದು ಹೊರಟಿತು. ಕಾಲು ಗಂಟೆ ಕಳೆದಿತ್ತಷ್ಟೇ, ಪಕ್ಕದ ಪೆಸಿಫಿಕ್ ಗ್ರೋವ್ ಊರಿನ ದಂಡೆಯಿಂದ ಸುಮಾರು 150 ಗಜ ದೂರದಲ್ಲಿ ಸಮುದ್ರಕ್ಕೆ ಬಿತ್ತು. ಒಳಗಿದ್ದವರು ಒಬ್ಬರೇ: ಗಾಯಕ ಜಾನ್ ಡೆನ್ವರ್, ವಯಸ್ಸು 53. ಹವಾಮಾನ ಚೆನ್ನಾಗಿತ್ತು, ಬೆಳಕಿತ್ತು, ಎಂಜಿನ್ನಿನಲ್ಲಿ ಮೊದಲೇ ಇದ್ದ ದೋಷವೇನೂ ತನಿಖೆಯಲ್ಲಿ ಕಾಣಲಿಲ್ಲ.

ಪತ್ರಿಕೆಗಳಿಗೆ ಅದು ಒಬ್ಬ ಗಾಯಕನ ಸಾವು. ವಿಮಾನ ಇಟ್ಟುಕೊಂಡವರ ನಡುವೆ ಮಾತ್ರ ಇಂದಿಗೂ ಅದು ಒಂದು ವಾಲ್ವಿನ ಕತೆ. "ಪೆಟ್ರೋಲ್ ಹಾಕಿಸದೆ ಹಾರಿದ, ಬಿದ್ದ" ಎಂದು ಒಂದೇ ಮಾತಿನಲ್ಲಿ ಮುಗಿಸುವವರೂ ಇದ್ದಾರೆ. ಅದು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಈ ಪ್ರಕರಣದಲ್ಲಿ ಕಲಿಯಬೇಕಾದ್ದೆಲ್ಲ ಕೈಬಿಟ್ಟುಹೋಗುತ್ತದೆ. ಬೇರೊಬ್ಬರು ಮನೆಯಲ್ಲಿ ಕಟ್ಟಿದ ವಿಮಾನವನ್ನು ಎರಡನೇ ಕೈಯಲ್ಲಿ ಕೊಂಡಾಗ ರೆಕ್ಕೆ, ಎಂಜಿನ್ನುಗಳ ಜೊತೆಗೆ ಕಟ್ಟಿದವನ ಅಭ್ಯಾಸಗಳೂ ಅಭಿಪ್ರಾಯಗಳೂ ನಮ್ಮ ಪಾಲಿಗೆ ಬರುತ್ತವೆ. ಅವನ್ನು ಯಾವ ಕಾಗದಪತ್ರದಲ್ಲೂ ಬರೆದಿರುವುದಿಲ್ಲ.

ವಿಮಾನ

ಡೆನ್ವರ್ ಅಂದು ಹಾರಿಸಿದ ಲಾಂಗ್ ಈಜಿ ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ವಿನ್ಯಾಸ. ಮುಂದೆ 1986ರಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸದೆ ಭೂಮಿ ಸುತ್ತಿದ ವಾಯೇಜರ್ ಕೂಡ ಅವರದೇ. ಲಾಂಗ್ ಈಜಿ ಮೊದಲು ಹಾರಿದ್ದು 1979ರಲ್ಲಿ. ರುಟಾನ್ ಮಾರಿದ್ದು ವಿಮಾನವನ್ನಲ್ಲ, ನಕ್ಷೆಯನ್ನು. ಕೊಂಡವರು ತಮ್ಮ ಗ್ಯಾರೇಜಿನಲ್ಲಿ ಫೋಮ್ ಕತ್ತರಿಸಿ, ಅದರ ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಹಾಸಿ, ಎಪಾಕ್ಸಿ ಬಳಿದು, ವರ್ಷಗಟ್ಟಲೆ ಕೂತು ಕಟ್ಟಬೇಕು. ನೋಡಿದವರಿಗೆ ಹಿಂದುಮುಂದಾದ ವಿಮಾನದಂತೆ ಕಾಣುತ್ತದೆ. ಬಾಲದಲ್ಲಿರಬೇಕಾದ ಸಣ್ಣ ರೆಕ್ಕೆ ಮೂಗಿನಲ್ಲಿದೆ, ಎಂಜಿನ್ನೂ ಪ್ರೊಪೆಲ್ಲರೂ ಹಿಂದಿವೆ, ಲಂಬ ಫಲಕಗಳು ಎರಡು ರೆಕ್ಕೆಗಳ ತುದಿಯಲ್ಲಿ ನಿಂತಿವೆ. ಪೈಲಟ್ ಒರಗಿ ಕೂರುತ್ತಾನೆ. ಕಂಟ್ರೋಲ್ ಸ್ಟಿಕ್ಕು ಬಲಗೈ ಪಕ್ಕದಲ್ಲಿ. ಜೊತೆಗೆ ಬಂದವರ ಆಸನ ಅವನ ಬೆನ್ನ ಹಿಂದೆ.

ಈ ವಿಚಿತ್ರ ಆಕಾರಕ್ಕೂ ಬೆಂಗಳೂರಿಗೂ ಒಂದು ನಂಟಿದೆ. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ನಮ್ಮ ಎನ್‌ಎಎಲ್, 1980ರ ದಶಕದಲ್ಲಿ ಇದೇ ಲಾಂಗ್ ಈಜಿಯನ್ನು ಆಧರಿಸಿ ಲೈಟ್ ಕ್ಯಾನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್ ಎಂಬ ವಿಮಾನ ಕಟ್ಟಿ ಹಾರಿಸಿತ್ತು. ಫೈಬರ್ ಸಂಯುಕ್ತಗಳಲ್ಲಿ ಪೂರ್ತಿ ವಿಮಾನ ಕಟ್ಟುವುದು ಹೇಗೆಂದು ಕೈಯಾರೆ ಕಲಿಯುವ ಕಾಲವದು. ಆಮೇಲೆ ಬಂದ ಹಂಸ ತರಬೇತಿ ವಿಮಾನದ ಮೈಯೂ ಸಂಯುಕ್ತದ್ದೇ.

ಪ್ರಕರಣಕ್ಕೆ ಮುಖ್ಯವಾದದ್ದು ಇಂಧನದ ಏರ್ಪಾಟು. ಎರಡು ರೆಕ್ಕೆಗಳ ಬುಡದಲ್ಲಿ ಎರಡು ಟ್ಯಾಂಕು, ಒಂದೊಂದರಲ್ಲಿ ಸುಮಾರು 26 ಗ್ಯಾಲನ್, ಅಂದರೆ ನೂರು ಲೀಟರಿನ ಹತ್ತಿರ. ಸೆಸ್ನಾ 172ರಂಥ ವಿಮಾನದಲ್ಲಿ ರೆಕ್ಕೆ ತಲೆಯ ಮೇಲಿರುತ್ತದೆ, ಇಂಧನ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಹಾಗಾಗಿ ಅಲ್ಲಿನ ಸೆಲೆಕ್ಟರಿನಲ್ಲಿ, ಅಂದರೆ ಯಾವ ಟ್ಯಾಂಕಿನಿಂದ ಇಂಧನ ಬರಬೇಕೆಂದು ಆರಿಸುವ ವಾಲ್ವಿನಲ್ಲಿ, "ಎರಡೂ" ಎಂಬ ಸ್ಥಾನವಿದೆ, ಪೈಲಟ್ ಅದನ್ನು ಮುಟ್ಟದೆಯೇ ಇಡೀ ದಿನ ಹಾರಬಹುದು. ಟ್ಯಾಂಕು ಕೆಳಗಿದ್ದು ಪಂಪು ಹೀರಬೇಕಾದ ಕಡೆ ಹಾಗೆ ಮಾಡಲಾಗದು. ಒಂದು ಟ್ಯಾಂಕು ಬರಿದಾದರೆ ಪಂಪು ಅದರಿಂದ ಗಾಳಿ ಎಳೆದುಕೊಳ್ಳುತ್ತದೆ, ಇನ್ನೊಂದರಲ್ಲಿ ತುಂಬ ಇದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಲಾಂಗ್ ಈಜಿಯಲ್ಲಿ ಎಡ, ಬಲ, ಬಂದ್ ಇಷ್ಟೇ. ಯಾವ ಟ್ಯಾಂಕಿನಿಂದ ಎಷ್ಟು ಹೊತ್ತು ಎಂಬ ಲೆಕ್ಕ ಪೈಲಟ್‌ನ ತಲೆಯಲ್ಲಿರಬೇಕು, ಬದಲಿಸುವ ಹಿಡಿ ಅವನ ಕೈಗೆ ಸಿಗಬೇಕು.

ಹಳೆಯ ಬೈಕು ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುರಸ್ತೆಯಲ್ಲಿ ಎಂಜಿನ್ ಮುಕ್ಕರಿಸಿದರೆ, ಕಣ್ಣು ರಸ್ತೆಯ ಮೇಲಿದ್ದಂತೆಯೇ ಎಡಗೈ ತಾನಾಗಿ ಟ್ಯಾಂಕಿನ ಕೆಳಗೆ ಇಳಿದು ಪೆಟ್ರೋಲ್ ಕಾಕನ್ನು ರಿಸರ್ವಿಗೆ ತಿರುಗಿಸುತ್ತಿತ್ತು. ಆ ಕಾಕು ಹಿಂದಿನ ಸೀಟಿನ ಕೆಳಗಿದ್ದಿದ್ದರೆ?

ರುಟಾನ್‌ರ ನಕ್ಷೆಯಲ್ಲಿ ಹಿಡಿ ಇದ್ದದ್ದು ಪೈಲಟ್‌ನ ಕಾಲುಗಳ ನಡುವೆ, ಕಣ್ಣಿಗೂ ಕೈಗೂ ನೇರ ಎದುರಿಗೆ. ಈ ವಿಮಾನವನ್ನು ಕಟ್ಟಿದವರು ಅದನ್ನು ಅಲ್ಲಿಂದ ಎತ್ತಿ ಪೈಲಟ್‌ನ ಎಡಭುಜದ ಹಿಂದೆ, ಬೆನ್ನಿನಾಚೆಯ ತಡೆಗೋಡೆಯ ಮೇಲೆ ಕೂರಿಸಿದ್ದರು. ಕಾರಣವೂ ಇತ್ತು. ಟ್ಯಾಂಕು ಪಕ್ಕದಲ್ಲಿದ್ದು ಎಂಜಿನ್ ಹಿಂದಿರುವಾಗ, ಹಿಡಿಗಾಗಿ ಪೆಟ್ರೋಲ್ ಕೊಳವೆಗಳನ್ನು ಕಾಕ್‌ಪಿಟ್ಟಿನೊಳಗೆ ಮುಂದಕ್ಕೆ ತಂದು ಮತ್ತೆ ಹಿಂದಕ್ಕೆ ಒಯ್ಯಬೇಕು. ತಾನು ಕೂರುವ ಜಾಗದಲ್ಲಿ ಪೆಟ್ರೋಲ್ ಹರಿಯುವುದು ಅವರಿಗೆ ಬೇಡವಾಗಿತ್ತು. ಬೆಂಕಿಯ ಭಯ ತಿಳಿದ ಯಾರೂ ಅದನ್ನು ಹುಚ್ಚುತನ ಎನ್ನಲಾರರು. ಒಂದು ಅಪಾಯವನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ಕಟ್ಟಿದರು, ಅಷ್ಟೇ. ತನ್ನ ಕೈಯಿಂದಲೇ ಕೂರಿಸಿದವನಿಗೆ ಆ ಹಿಡಿ ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ಏನಾಗುತ್ತದೆ ಎಂಬುದು ಗೊತ್ತೇ ಇರುತ್ತದೆ. ಬಹುಶಃ ಅದಕ್ಕೇ ಇರಬೇಕು, ಹಿಡಿಯ ಸ್ಥಾನಗಳಿಗೆ ಗುರುತೇ ಇರಲಿಲ್ಲ. ಇಂಧನ ಎಷ್ಟಿದೆಯೆಂದು ತೋರಿಸುವ ಪಾರದರ್ಶಕ ಗೇಜುಗಳೂ ಪೈಲಟ್ ಆಸನದ ಹಿಂದಿದ್ದವು, ಅವುಗಳ ಮೇಲೂ ಗೆರೆಗಳಿರಲಿಲ್ಲ. ಎಂಜಿನ್ ಕೂಡ ನಕ್ಷೆ ಹೇಳಿದ್ದಕ್ಕಿಂತ ದೊಡ್ಡದು, 150 ಅಶ್ವಶಕ್ತಿಯ ಲೈಕಮಿಂಗ್.

ಇದನ್ನೆಲ್ಲ ಮಾಡಬಾರದೆಂದು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಅಮೆರಿಕದಲ್ಲಿ ಇಂಥ ವಿಮಾನ "ಎಕ್ಸ್‌ಪೆರಿಮೆಂಟಲ್" ವರ್ಗಕ್ಕೆ ಸೇರುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಯೇ ಮಾಡಿರಬೇಕು, ಅಷ್ಟಾದರೆ ನಕ್ಷೆಗೆ ಬದ್ಧನಾಗಿರಬೇಕೆಂದಿಲ್ಲ. ಕಾರ್ಖಾನೆಯ ಸೆಸ್ನಾದಲ್ಲಿ ಒಂದು ಸ್ವಿಚ್ಚಿನ ಜಾಗ ಬದಲಿಸಲು ಕಾಗದಪತ್ರಗಳ ಸಾಲು ಬೇಕು, ಇಲ್ಲಿ ಡ್ರಿಲ್ಲು ಸಾಕು. ಸಣ್ಣ ವಿಮಾನ ಇಟ್ಟುಕೊಳ್ಳಲು ಬಯಸುವವರು ಇವುಗಳ ಕಡೆ ಬರುವುದೂ ಅದಕ್ಕೇ. ಬೆಲೆ ಕಡಿಮೆ, ಬಹುತೇಕ ದುರಸ್ತಿಯನ್ನು ಮಾಲೀಕನೇ ಮಾಡಿಕೊಳ್ಳಬಹುದು. ವರ್ಷಕ್ಕೊಮ್ಮೆಯ ತಪಾಸಣೆಗೆ ಮಾತ್ರ ಆಗಿನ ನಿಯಮದಂತೆ ಪರವಾನಗಿಯುಳ್ಳ ಮೆಕ್ಯಾನಿಕ್ ಬೇಕಿತ್ತು, ಇಲ್ಲವೇ ಆ ವಿಮಾನವನ್ನು ಕಟ್ಟಿ ಅದಕ್ಕಾಗಿ ಪ್ರಮಾಣಪತ್ರ ಪಡೆದವನೇ ಬೇಕಿತ್ತು. ಈ ಪ್ರಮಾಣಪತ್ರ ವಿಮಾನದ ಜೊತೆ ಮಾರಾಟವಾಗುವುದಿಲ್ಲ. ಕಟ್ಟಿದವನ ತಿಳಿವಳಿಕೆಯೂ ಹಾಗೆಯೇ.

ಕೊಂಡವರು

ಡೆನ್ವರ್ ಹೊಸಬರಲ್ಲ. ತಂದೆ ವಾಯುಪಡೆಯ ಪೈಲಟ್. ಡೆನ್ವರ್ ಸ್ವತಃ 2,700 ಗಂಟೆಗೂ ಹೆಚ್ಚು ಹಾರಿದ್ದರು. ಒಂಟಿ ಎಂಜಿನ್, ಜೋಡಿ ಎಂಜಿನ್, ಗ್ಲೈಡರ್, ಇನ್ಸ್‌ಟ್ರುಮೆಂಟ್ ಎಲ್ಲಕ್ಕೂ ಅರ್ಹತೆ ಇತ್ತು, ಲಿಯರ್‌ಜೆಟ್ ಎಂಬ ಸಣ್ಣ ಜೆಟ್ ವಿಮಾನ ಹಾರಿಸುವ ಅರ್ಹತೆಯೂ ಇತ್ತು. ಇಲ್ಲದಿದ್ದದ್ದು ಚಾಲ್ತಿಯಲ್ಲಿರುವ ವೈದ್ಯಕೀಯ ಪ್ರಮಾಣಪತ್ರ. ಕುಡಿತದ ಹಿನ್ನೆಲೆಯಿಂದಾಗಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಅದನ್ನು ಹಿಂದಿನ ವರ್ಷವೇ ನಿರಾಕರಿಸಿತ್ತು. ಕಾನೂನಿನ ಪ್ರಕಾರ ಅವರು ಆ ದಿನ ಹಾರುವಂತೆಯೇ ಇರಲಿಲ್ಲ. ಆದರೆ ಶವಪರೀಕ್ಷೆಯಲ್ಲಿ ಮದ್ಯವಾಗಲಿ ಬೇರೆ ಮಾದಕವಾಗಲಿ ಸಿಗಲಿಲ್ಲ. ಸುದ್ದಿಯಲ್ಲಿ ಈ ಸಂಗತಿ ಬಹಳ ಜಾಗ ತಿಂದಿತು. ವಿಮಾನ ಯಾಕೆ ಬಿತ್ತು ಎಂಬುದಕ್ಕೆ ಅದು ಉತ್ತರವಲ್ಲ.

ವಿಮಾನ ಅವರ ಕೈಗೆ ಬಂದದ್ದು ಅಪಘಾತದ ಹಿಂದಿನ ದಿನ. ಹೊಸ ನೋಂದಣಿ ಸಂಖ್ಯೆ ಎನ್555ಜೆಡಿ, ಕೊನೆಯ ಎರಡಕ್ಷರ ಅವರದೇ ಹೆಸರಿನವು. ಅಂದು ಸಾಂತಾ ಮರಿಯಾ ಎಂಬಲ್ಲಿ ಈ ಬಗೆಯ ವಿಮಾನ ತಿಳಿದ ಪೈಲಟ್ ಒಬ್ಬರು ಸುಮಾರು ಅರ್ಧ ಗಂಟೆ ಪರಿಚಯ ಮಾಡಿಸಿದರು. ಆಮೇಲೆ ಡೆನ್ವರ್ ತಾವೇ ಮಾಂಟೆರೆಗೆ ಹಾರಿಸಿಕೊಂಡು ಬಂದರು.

ಅರ್ಧ ಗಂಟೆ ಸಾಲದು ಎನ್ನುವುದು ಈಗ ಸುಲಭ. ಆದರೆ 2,700 ಗಂಟೆ ಹಾರಿದವನಿಗೆ ಎರಡು ಸೀಟಿನ ವಿಮಾನದ ಪಾಠ ಎಂದರೆ ಹೇಳುವವರಿಗೂ ಸಂಕೋಚ, ಕೇಳುವವರಿಗೂ ಅವಸರ. ಅನುಭವ ಹೆಚ್ಚಿದ್ದಷ್ಟೂ ಈ ಹಂತವನ್ನು ಹಾರಿಸುವುದು ಹೆಚ್ಚು. ಲಿಯರ್‌ಜೆಟ್ಟಿನ ಗಂಟೆಗಳು ಹಿಂದಿನ ತಡೆಗೋಡೆಯ ಮೇಲಿನ ಹಿಡಿಯ ಬಗ್ಗೆ ಏನನ್ನೂ ಕಲಿಸಿರುವುದಿಲ್ಲ.

ನೆಲದ ಮೇಲಿನ ಮಾತುಕತೆ

ಇಡೀ ತನಿಖಾ ವರದಿಯಲ್ಲಿ ನಾನು ಮತ್ತೆ ಮತ್ತೆ ಓದುವುದು ಈ ಭಾಗವನ್ನು. ಹಾರುವ ಮುನ್ನ ಡೆನ್ವರ್ ಮಾಂಟೆರೆಯ ನಿರ್ವಹಣಾ ತಂತ್ರಜ್ಞರೊಬ್ಬರ ಜೊತೆ ವಿಮಾನದ ಪಕ್ಕ ನಿಂತು ಮಾತಾಡಿದರು. ಹಿಡಿ ಕೈಗೆ ಸಿಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಿಡಿಯ ಉದ್ದ ಹೆಚ್ಚಿಸಿದರೆ ಹೇಗೆಂದು ಅದಕ್ಕೆ ವೈಸ್ ಗ್ರಿಪ್ ಪ್ಲೈಯರ್ ಕಚ್ಚಿಸಿ ನೋಡಿದರು. ಆದರೂ ಪೈಲಟ್ ಕೂತಲ್ಲಿಂದ ಅದು ಎಟುಕಲಿಲ್ಲ. ಹಿಂದಿನ ಗೇಜುಗಳನ್ನು ನೋಡಲು ತಂತ್ರಜ್ಞರು ಒಂದು ಕನ್ನಡಿ ಕೊಟ್ಟರು. ಇಂಧನ ಎಷ್ಟಿದೆಯೆಂದು ಇಣುಕಿದಾಗ ಬಲದ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ, ಎಡದ್ದರಲ್ಲಿ ಕಾಲಿಗಿಂತ ಕಡಿಮೆ ಕಂಡಿತು. ಗೇಜಿನ ಎತ್ತರಕ್ಕೂ ಒಳಗಿರುವ ಪ್ರಮಾಣಕ್ಕೂ ನೇರ ಅನುಪಾತವಿಲ್ಲ ಎಂಬ ಎಚ್ಚರಿಕೆಯನ್ನೂ ತಂತ್ರಜ್ಞರು ಕೊಟ್ಟರು. ಪೆಟ್ರೋಲ್ ಹಾಕಲೇ ಎಂಬ ಮಾತು ಬಂದಾಗ ಡೆನ್ವರ್ ಬೇಡವೆಂದರು, ಒಂದು ಗಂಟೆಯಷ್ಟು ಹಾರಿ ಬರುತ್ತೇನೆ ಎಂದರು. ಟ್ಯಾಂಕು ಬದಲಿಸಬೇಕಾಗಿ ಬಂದರೆ ಆಟೋಪೈಲಟ್ ಹಾಕಿ, ವಿಮಾನ ಸಮತಟ್ಟಾಗಿ ಹೋಗುತ್ತಿರುವಾಗ ಹಿಂದಕ್ಕೆ ತಿರುಗಿ ಬದಲಿಸುತ್ತೇನೆ ಎಂದೂ ಹೇಳಿದರು.

ದೋಷ ಗೊತ್ತಿಲ್ಲದೆ ನಡೆದ ಅಪಘಾತ ಇದಲ್ಲ. ದೋಷ ಕಂಡಿತ್ತು, ಪರಿಹಾರ ಹುಡುಕಿದ್ದರು, ಸಿಗಲಿಲ್ಲ, ಅದರ ಬದಲಿಗೆ ಒಂದು ಉಪಾಯ ಹೂಡಿಕೊಂಡು ಹೊರಟರು. ಉಪಾಯವೂ ತೀರಾ ತಪ್ಪಲ್ಲ, ಐದು ಸಾವಿರ ಅಡಿಯಲ್ಲಿ ನಡೆಯಬಹುದಾಗಿತ್ತು. ಆದರೆ ಆಟೋಪೈಲಟ್ಟಿನ ಉಪಾಯಕ್ಕೆ ಎತ್ತರ ಬೇಕು, ಸಮಯ ಬೇಕು, ಬದಲಿಸುವ ಗಳಿಗೆಯನ್ನು ಪೈಲಟ್ಟೇ ಆರಿಸಿಕೊಂಡಿರಬೇಕು. ಟ್ಯಾಂಕು ಬರಿದಾಗುವುದು ಪೈಲಟ್ಟನ್ನು ಕೇಳಿಕೊಂಡಲ್ಲ.

ಹಾರಾಟ

ಹೊರಟ ಮೇಲೆ ಮೂರು ಸಲ ಟಚ್ ಅಂಡ್ ಗೋ ಮಾಡಿದರು, ಅಂದರೆ ರನ್‌ವೇಗೆ ಚಕ್ರ ತಾಗಿಸಿ ನಿಲ್ಲದೆ ಮತ್ತೆ ಏರುವ ಅಭ್ಯಾಸ. ಹೊಸ ವಿಮಾನದ ಕೈಪಳಗಲು ಸರಿಯಾದ ದಾರಿ, ಆದರೆ ಪ್ರತಿ ಸಲವೂ ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಏರಬೇಕಾದ್ದರಿಂದ ಪೆಟ್ರೋಲ್ ಹೆಚ್ಚು ತಿನ್ನುವ ದಾರಿ. ಬಳಿಕ ಪಶ್ಚಿಮಕ್ಕೆ, ದಂಡೆಯ ಕಡೆ ಹೊರಟರು. ನೆಲದ ಮೇಲಿದ್ದವರ ಅಂದಾಜಿನಂತೆ ಎತ್ತರ 350ರಿಂದ 500 ಅಡಿ. ಹಲವರಿಗೆ ಪಟ್ ಎಂಬಂಥ ಸದ್ದು ಕೇಳಿತು, ಎಂಜಿನ್ ಸದ್ದು ತಗ್ಗಿತು. ವಿಮಾನ ಮೂಗು ಕೆಳಗೆ ಮಾಡಿ ನೀರಿಗೆ ಬಿತ್ತು.

ಕೊನೆಯ ಕ್ಷಣಗಳನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, ಹಿಡಿ ತಿರುಗಿಸಲು ಪೈಲಟ್ ಏನೇನು ಮಾಡಬೇಕಾಗುತ್ತದೆ ಎಂದು ಪರೀಕ್ಷೆ ಮಾಡಿ ನೋಡಿತು. ಮೊದಲು ಬಲಗೈಯನ್ನು ಸ್ಟಿಕ್ಕಿನಿಂದ ತೆಗೆಯಬೇಕು. ಭುಜದ ಬೆಲ್ಟು ಸಡಿಲಿಸಬೇಕು. ಸೊಂಟದಿಂದ ಮೇಲಿನ ಮೈಯನ್ನು ಎಡಕ್ಕೆ ಪೂರ್ತಿ ಹಿಂಡಿಕೊಂಡು ಹಿಂದೆ ಕೈ ಚಾಚಬೇಕು. ಹೀಗೆ ತಿರುಗುವ ಯಾರಿಗಾದರೂ ಆಸರೆಗೆ ಏನಾದರೂ ಒದ್ದು ಹಿಡಿಯಬೇಕೆನಿಸುತ್ತದೆ. ಬಲಗಾಲು ತಾನಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಆ ಕಾಲಿನ ಮುಂದೆ ಇದ್ದದ್ದು ಬಲ ರಡ್ಡರ್ ಪೆಡಲ್.

ಲಾಂಗ್ ಈಜಿಯಲ್ಲಿ ರಡ್ಡರ್‌ಗಳು ರೆಕ್ಕೆಯ ತುದಿಗಳಲ್ಲಿವೆ, ಎರಡು ಪೆಡಲ್‌ಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ಕೆಲಸ ಮಾಡುತ್ತವೆ. ಸಾಮಾನ್ಯ ವಿಮಾನದಲ್ಲಿ ಬಲ ಪೆಡಲ್ ಒಳಗೆ ಹೋದರೆ ಎಡದ್ದು ಹೊರಬಂದು ಎಡಗಾಲಿಗೆ ಸುದ್ದಿ ಮುಟ್ಟಿಸುತ್ತದೆ. ಇಲ್ಲಿ ಆ ಸುದ್ದಿಯೂ ಇಲ್ಲ. ಬಲ ಪೆಡಲ್ಲನ್ನು ಜೋರಾಗಿ ಒತ್ತಿದರೆ ಮೂಗು ಬಲಕ್ಕೆ ಹೊರಳುತ್ತದೆ, ಹಿಂದಕ್ಕೆ ಬಾಗಿದ ರೆಕ್ಕೆಯಿಂದಾಗಿ ಮೈಯೂ ಅದೇ ಕಡೆ ಉರುಳುತ್ತದೆ. ಪೈಲಟ್ ಮುಖ ಹಿಂದಕ್ಕಿದೆ, ಸ್ಟಿಕ್ಕಿನ ಮೇಲೆ ಕೈಯಿಲ್ಲ, ಕೆಳಗೆ ಉಳಿದಿರುವುದು ಐನೂರು ಅಡಿಗಿಂತ ಕಡಿಮೆ.

ತೀರ್ಪು

1999ರ ಆರಂಭದಲ್ಲಿ ಬಂದ ಎನ್‌ಟಿಎಸ್‌ಬಿ ತೀರ್ಮಾನದ ಸಾರ ಹೀಗಿದೆ. ಇಂಧನದ ಹಿಡಿ ತಿರುಗಿಸುವ ಯತ್ನದಲ್ಲಿ ಪೈಲಟ್‌ನ ಗಮನ ವಿಮಾನ ಹಾರಿಸುವುದರಿಂದ ಆಚೆ ಹೋಯಿತು, ಗೊತ್ತಿಲ್ಲದೆ ಬಲ ರಡ್ಡರ್ ಒತ್ತಿದ್ದರಿಂದ ವಿಮಾನ ಹತೋಟಿ ತಪ್ಪಿತು. ಹಾರುವ ಮುನ್ನ ಸರಿಯಾಗಿ ಸಿದ್ಧತೆ ಮಾಡಿಕೊಳ್ಳದೆ, ಇಂಧನ ತುಂಬಿಸದೆ ಹೊರಟದ್ದೂ ಕಾರಣ. ಹಿಡಿಯನ್ನು ಎಟುಕದ ಕಡೆ ಗುರುತಿಲ್ಲದೆ ಕೂರಿಸಿದ ನಿರ್ಧಾರ, ಗುರುತಿಲ್ಲದ ಗೇಜುಗಳು, ಹೊಸ ಬಗೆಯ ವಿಮಾನಕ್ಕೆ ಬೇಕಾದ ತರಬೇತಿಯ ಕೊರತೆ, ಈ ವಿಮಾನದಲ್ಲಿ ಅನುಭವವಿಲ್ಲದಿರುವುದು ಇವೆಲ್ಲ ಪೂರಕ ಅಂಶಗಳು.

ಮಂಡಳಿ ಹಿಡಿಯ ಜಾಗವನ್ನು ಪೂರಕ ಅಂಶಗಳ ಸಾಲಿನಲ್ಲಿಟ್ಟು ಪೆಟ್ರೋಲ್ ಹಾಕಿಸದ್ದನ್ನು ಕಾರಣಗಳ ಸಾಲಿನಲ್ಲಿಟ್ಟಿದೆ. ನಾನಾದರೆ ಎರಡನ್ನೂ ಒಂದೇ ಸಾಲಿನಲ್ಲಿ ಇಡುತ್ತಿದ್ದೆ. ಅಂದು ಟ್ಯಾಂಕು ತುಂಬಿಸಿದ್ದರೆ ಡೆನ್ವರ್ ಆ ಸಂಜೆ ಬದುಕಿ ಬರುತ್ತಿದ್ದರು, ಆ ಮಾತಿನಲ್ಲಿ ಅನುಮಾನವಿಲ್ಲ. ಆದರೆ ಹಿಡಿ ಅಲ್ಲೇ ಇರುತ್ತಿತ್ತು. ಇನ್ನೊಂದು ದಿನ, ಇನ್ನೊಂದು ಟ್ಯಾಂಕು, ಬಹುಶಃ ಇನ್ನೊಬ್ಬ ಮಾಲೀಕ. ಇನ್ನೊಂದು ಸೂಕ್ಷ್ಮವೂ ಇದೆ. ಎರಡು ಟ್ಯಾಂಕುಗಳಲ್ಲೂ ಇಂಧನ ಮುಗಿದು ಎಂಜಿನ್ ನಿಂತದ್ದಲ್ಲ, ಎಂಜಿನ್ನಿಗೆ ಜೋಡಿಸಿದ್ದ ಟ್ಯಾಂಕಿನದ್ದು ಮುಗಿಯಿತು. ಒಂದು ಗಂಟೆಗೆ ಸಾಕು ಎಂಬ ಅಂದಾಜು ಎರಡನ್ನೂ ಕೂಡಿಸಿ ಹಾಕಿದ್ದಾದರೆ, ಅದನ್ನು ನಿಜ ಮಾಡಲು ನಡುದಾರಿಯಲ್ಲಿ ಆ ಹಿಡಿಯನ್ನು ಮುಟ್ಟಲೇಬೇಕಿತ್ತು.

ಮಂಡಳಿ ಎಫ್‌ಎಎಗೂ, ಮನೆಯಲ್ಲಿ ವಿಮಾನ ಕಟ್ಟುವವರ ಸಂಘವಾದ ಇಎಎಗೂ ಶಿಫಾರಸುಗಳನ್ನು ಕಳಿಸಿತು. 2011ರಲ್ಲಿ ಎಫ್‌ಎಎ ಪರಿಚಯವಿಲ್ಲದ ವಿಮಾನಕ್ಕೆ ಬದಲಾಗುವ ಪೈಲಟ್‌ಗಳಿಗೆಂದೇ ಒಂದು ಸಲಹಾ ಸುತ್ತೋಲೆ ಹೊರಡಿಸಿತು. 2012ರಲ್ಲಿ ಎನ್‌ಟಿಎಸ್‌ಬಿ ಇಡೀ ಮನೆ-ಕಟ್ಟಿನ ವಿಮಾನಗಳ ಅಧ್ಯಯನ ಪ್ರಕಟಿಸಿತು. 2011ರಲ್ಲಿ ತನಿಖೆಯಾದ ಇಂಥ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಕಟ್ಟಿದವರಿಂದ ಬೇರೆಯವರು ಕೊಂಡ ವಿಮಾನಗಳದ್ದು ಎಂಬುದು ಅದರಲ್ಲಿ ಎದ್ದು ಕಾಣುವ ಸಂಗತಿ. ಡೆನ್ವರ್ ಪ್ರಕರಣವನ್ನು ಓದಿದವರಿಗೆ ಆಶ್ಚರ್ಯವಾಗಬೇಕಿಲ್ಲ.

ಕೊಳ್ಳುವವರಿಗೆ

ಇಂಥ ವಿಮಾನ ಕೊಳ್ಳುವವರು ಲಾಗ್‌ಬುಕ್ ನೋಡುತ್ತಾರೆ, ಎಂಜಿನ್ನಿನ ಗಂಟೆ ಕೇಳುತ್ತಾರೆ, ಸಿಲಿಂಡರಿನ ಒತ್ತಡ ಅಳೆಸುತ್ತಾರೆ, ಬಣ್ಣಕ್ಕೆ ಮರುಳಾಗುತ್ತಾರೆ. ಇದರ ಜೊತೆಗೆ ಮೂಲ ನಕ್ಷೆಯನ್ನು ತರಿಸಿಕೊಂಡು ವಿಮಾನದ ಪಕ್ಕ ಹಾಸಿ, ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಅಲ್ಲೆಲ್ಲ ಯಾಕೆಂದು ಕೇಳಬೇಕು. ಕಟ್ಟಿದವರು ಸಿಗುವಂತಿದ್ದರೆ ಅವರನ್ನೇ ಕೇಳಬೇಕು, ನಡುವಿನ ಮಾಲೀಕನ ಉತ್ತರ ಸಾಲದು. ಆಮೇಲೆ ಹ್ಯಾಂಗರಿನಲ್ಲೇ, ಎಂಜಿನ್ ಬಂದ್ ಇರುವಾಗ, ಬೆಲ್ಟು ಬಿಗಿದು ಕೂತು, ಕಣ್ಣು ಮುಚ್ಚಿ, ಇಂಧನದ ಹಿಡಿ, ಪಂಪಿನ ಸ್ವಿಚ್ಚು, ಥ್ರಾಟಲ್, ಕ್ಯಾನಪಿಯ (ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳದ) ಚಿಲಕ ಒಂದೊಂದನ್ನೂ ಮುಟ್ಟಬೇಕು. ಬೆಲ್ಟು ಸಡಿಲಿಸದೆ ಎಟುಕದ್ದು ಯಾವುದಾದರೂ ಇದ್ದರೆ ಅದರ ಜಾಗ ಬದಲಾಗುವ ತನಕ ವಿಮಾನ ಹ್ಯಾಂಗರಿನಲ್ಲೇ ಇರಲಿ. ಕಟ್ಟಿದವನಿಗಿಂತ ಕೊಂಡವನು ಕುಳ್ಳಗಿದ್ದರೂ ಸಾಕು, ಎಟುಕುತ್ತಿದ್ದದ್ದು ಎಟುಕದಂತಾಗುತ್ತದೆ.

ಗೇಜಿನದ್ದು ಇನ್ನೂ ಸುಲಭ. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ವಿಮಾನವನ್ನು ಹಾರುವಾಗಿನ ಮಟ್ಟಕ್ಕೆ ಆನಿಸಿ ನಿಲ್ಲಿಸಿ, ಅಳತೆಯ ಕ್ಯಾನಿನಿಂದ ಐದೈದು ಲೀಟರ್ ಸುರಿಯುತ್ತ ಪ್ರತಿ ಸಲ ಗೇಜಿನ ಪಕ್ಕ ಗೆರೆ ಎಳೆಯಬೇಕು. ಲಾಂಗ್ ಈಜಿಯನ್ನು ನಿಲ್ಲಿಸುವಾಗ ಮುಂಚಕ್ರ ಮಡಚಿ ಮೂಗನ್ನು ನೆಲಕ್ಕೆ ಊರಿಸುವ ರೂಢಿ ಇರುವುದರಿಂದ, ಆ ಭಂಗಿಯಲ್ಲಿ ಕಾಣುವ ಮಟ್ಟವೇ ಬೇರೆ. ಅದಕ್ಕೆ ಇನ್ನೊಂದು ಬಣ್ಣದಲ್ಲಿ ಪ್ರತ್ಯೇಕ ಗೆರೆಗಳು ಬೇಕು. ಎರಡೂ ಟ್ಯಾಂಕಿಗೆ ಸೇರಿ ಅರ್ಧ ದಿನದ ಕೆಲಸ.